ಲಾರಿಯ ಎಡ ಮಗ್ಗುಲು

ಸಿಗ್ನಲ್ ಕೆಂಪಾಗಿತ್ತು. ನನ್ನ ಸ್ಕೂಟರಿನ ಮೂತಿಗೆ ತಾಗುವಷ್ಟು ಹತ್ತಿರ ಒಂದು ಲಾರಿ ನಿಂತಿತ್ತು. ಅದರ ಹಿಂಬಾಗಿಲ ತುಂಬ ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ರೆಸ್’ ಎಂದು ಬರೆದಿತ್ತು. ಅಕ್ಷರಗಳು ನನ್ನವು.

ನನ್ನವು ಅಂದರೆ ನಾನು ಬಿಡಿಸಿದವು. ಕಂಪ್ಯೂಟರಿನಲ್ಲಿ ಜನ ಫಾಂಟ್ ಎಂದು ಆರಿಸಿಕೊಳ್ಳುತ್ತಾರಲ್ಲ, ಅದರ ಪ್ರತಿ ಅಕ್ಷರವನ್ನೂ ಯಾವುದೋ ಕೋಣೆಯಲ್ಲಿ ಯಾರೋ ಒಬ್ಬರು ಬೆನ್ನು ಬಗ್ಗಿಸಿ ಕೂತು ಬಿಡಿಸಿರುತ್ತಾರೆ. ಈ ಫಾಂಟಿನ ಮಟ್ಟಿಗೆ ಆ ಒಬ್ಬರು ನಾನು. ಸ್ಲ್ಯಾಬ್ ಸೆರಿಫ್ ಜಾತಿಯದು: ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲೆಲ್ಲ ಇಟ್ಟಿಗೆಯಂಥ ಚೌಕ ಪಾದ. ನಾಜೂಕಿಲ್ಲ, ನಾಚಿಕೆಯೂ ಇಲ್ಲ. ಊರಿ ನಿಲ್ಲುತ್ತದೆ.

ಲಾರಿಯ ಮೇಲಿನವು ಊರಿ ನಿಂತಿರಲಿಲ್ಲ. ನೆಟ್ಟಗಿನ ದಪ್ಪ ಅಕ್ಷರಗಳನ್ನು ಯಾರೋ ಕಂಪ್ಯೂಟರಿನಲ್ಲಿ ಹಿಡಿದು ಬಲಕ್ಕೆ ಎಳೆದುಬಿಟ್ಟಿದ್ದರು. ಬಾಗಿಲಿನ ಕೆಳಮೂಲೆಯಲ್ಲಿ ಪೇಂಟರನ ವಿಳಾಸವಿತ್ತು. ಸಿಗ್ನಲ್ ಹಸಿರಾಯಿತು. ಆಫೀಸಿನ ದಾರಿ ಬಿಟ್ಟು ಆ ವಿಳಾಸದ ಕಡೆ ಗಾಡಿ ತಿರುಗಿಸಿದೆ.

ಅದು ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಒಳಗೆ ಥಿನ್ನರ್ ವಾಸನೆ. ಎರಡು ಏಣಿಗಳ ನಡುವೆ ಹಾಕಿದ ಹಲಗೆಯ ಮೇಲೆ ಒಬ್ಬ ಹಲ್ಲಿನಲ್ಲಿ ಬ್ರಷ್ ಕಚ್ಚಿಕೊಂಡು ನಿಂತಿದ್ದ. ಸಿಗ್ನಲ್ಲಿನಲ್ಲಿ ತೆಗೆದ ಫೋಟೋವನ್ನು ಅವನ ಕಡೆ ಎತ್ತಿ ಹಿಡಿದೆ.

“ಈ ಅಕ್ಷರಗಳ ಕತ್ತು ಹಿಚುಕಿದ್ದು ಯಾರು?”

ಅವನು ನಿಧಾನವಾಗಿ ಬ್ರಷ್ ತೆಗೆದ. “ನಾನೇ. ತಾವ್ಯಾರು, ಅವುಗಳ ಅಮ್ಮನಾ?”

“ಹೌದು.”

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಅವನು ಹಲಗೆಯಿಂದ ಇಳಿದ.

ಅಲ್ಲೇ ಬಿದ್ದಿದ್ದ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ಬಾಗಿಲ ಮೇಲೆ ಇಂಗ್ಲಿಷಿನ ಒಂದು ಓ ಬರೆದೆ. “ನೋಡಿ. ಸುಮ್ಮನೆ ಎಳೆದಾಗ ಬಲಭುಜ ಊದ್ಕೊಳ್ಳುತ್ತೆ, ಎಡಭುಜ ಬತ್ತಿಹೋಗುತ್ತೆ. ಫೋಟೋದಲ್ಲಿ ಈ ಪಾದ ನೋಡಿ. ಇಟ್ಟಿಗೆ ಇತ್ತು, ಚಾಕು ಮಾಡಿದ್ದೀರಿ.”

“ಲಾರಿಯವರು ಯಾರೂ ಏನೂ ಹೇಳ್ಲಿಲ್ಲಪ್ಪ.”

“ಅವರು ಹೇಳಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತೆ ಅಷ್ಟೇ. ಏನಂತ ಕಂಡುಹಿಡಿಯೋದು ನಮ್ಮ ಕೆಲಸ.”

“ಒಪ್ಪಿದೆ. ಹಾಗಾದ್ರೆ ಸರಿಯಾಗಿ ಓರೆ ಇರೋದು ಕೊಡಿ, ಅದನ್ನೇ ಹಾಕ್ತೀನಿ.”

ನಾನು ಸೀಮೆಸುಣ್ಣ ಕೆಳಗಿಟ್ಟೆ.

“ಇಲ್ವಾ?”

“ತೆಳು ಓರೆ ಇದೆ. ದಪ್ಪ ಓರೆ ಇನ್ನೂ ಬಿಡಿಸಿಲ್ಲ.”

“ಓಹೋ! ನೀವು ಮಾಡ್ಲಿಲ್ಲ, ಅದಕ್ಕೆ ನಾನು ಮಾಡಿದೆ. ಬೈಗುಳ ಮಾತ್ರ ನನಗೆ.” ಅವನು ಲಾರಿಗೆ ಒರಗಿ ಕೈಕಟ್ಟಿದ. ಎಡಗಣ್ಣಿನ ರೆಪ್ಪೆಕೂದಲ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ ಒಣಗಿತ್ತು. ಅವನು ಕಣ್ಣು ಮಿಟುಕಿಸಿದಾಗೆಲ್ಲ ಅದು ಕಂಡು ಮರೆಯಾಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಬೇಕೆಂದೇ ಇನ್ನೊಮ್ಮೆ ಮಿಟುಕಿಸಿದ.

“ಅಮ್ಮಾವ್ರೇ, ನನ್ನ ಹತ್ರ ಒಂದು ಆರ್ಡರ್ ಇದೆ. ಮನೆ ಸಾಮಾನು ಸಾಗಿಸೋ ಕಂಪನಿ. ಯಜಮಾನಿ ಕೇಳಿರೋದು ಒಂದೇ. ಲಾರಿ ನಿಂತಿದ್ರೂ ಓಡ್ತಿರೋ ಹಾಗೆ ಕಾಣ್ಬೇಕು. ಬಿಡಿಸ್ತೀರಾ?”

*

ನಾನು ಕೆಲಸ ಮಾಡುವ ಫಾಂಟ್ ಸ್ಟುಡಿಯೋದ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತೇವೆ. ಅವರ ಮೇಜಿನ ಮೇಲೆ ಯಾವತ್ತೂ ಧೂಳಿರುವುದಿಲ್ಲ, ಅವರ ದನಿ ಯಾವತ್ತೂ ಏರುವುದಿಲ್ಲ.

“ನೋಡಮ್ಮ,” ಎಂದರು. “ನೆಟ್ಟಗಿನದು ಒಂದು, ದಪ್ಪ ಒಂದು, ಓರೆ ಒಂದು. ಮೂರೂ ಚೆನ್ನಾಗಿ ಮಾಡಿದ್ದೀಯ. ದಪ್ಪನೂ ಓರೆನೂ ಸೇರಿದ ಬೋಲ್ಡ್ ಇಟಾಲಿಕ್ ಯಾಕೆ? ಬೋಲ್ಡ್ ಅಂದ್ರೆ ಕೂಗು. ಇಟಾಲಿಕ್ ಅಂದ್ರೆ ಒತ್ತಿ ಹೇಳೋದು. ಎರಡೂ ಸೇರಿದ್ರೆ ಜಗಳ.”

“ಜಗಳ ಆಡೋರಿಗೂ ಅಕ್ಷರ ಬೇಕಲ್ಲ ಸರ್.”

“ಯಾರು ಬಳಸ್ತಾರೆ ಅದನ್ನ?”

ಹೇಳಿದೆ. ಮನೆ ಸಾಮಾನು ಸಾಗಿಸುವ ಲಾರಿಯವರು ಈಗಲೇ ಕೇಳಿದ್ದಾರೆ. ಕುಸ್ತಿಯ ಪೋಸ್ಟರಿನವರು ಬಳಸುತ್ತಾರೆ. ಆಟಗಾರರ ಬೆನ್ನಿನ ಮೇಲೆ ಹೆಸರು ಹಾಕುವವರು, ಅಂಗಡಿಯ ಗಾಜಿಗೆ ‘ಕೊನೆಯ ದಿನ’ ಎಂದು ಅಂಟಿಸುವವರು, ಮುಷ್ಕರದ ಬ್ಯಾನರ್ ಹಿಡಿಯುವವರು, ರಟ್ಟಿನ ಪೆಟ್ಟಿಗೆಯ ಮೇಲೆ ‘ಎತ್ತಿ ಹಾಕಬೇಡಿ’ ಎಂದು ಅಚ್ಚು ಹಾಕುವವರು ಬಳಸುತ್ತಾರೆ. ಸಿಕ್ಕದಿದ್ದರೆ ಕಂಪ್ಯೂಟರಿನಲ್ಲಿ ಎಳೆದುಕೊಳ್ಳುತ್ತಾರೆ.

ಒಂದನ್ನು ಮಾತ್ರ ಹೇಳಲಿಲ್ಲ. ಆ ನಾಲ್ಕನೆಯದನ್ನು ಬಿಡಿಸಬೇಕೆಂದೇ ನಾನು ಉಳಿದ ಮೂರನ್ನೂ ಬಿಡಿಸಿದ್ದು. ವರ್ಷಗಟ್ಟಲೆ ಅಚ್ಚುಕಟ್ಟಾಗಿ, ತಗ್ಗಿದ ದನಿಯಲ್ಲಿ ಅಕ್ಷರ ಮಾಡಿದ್ದೆ. ಒಂದಾದರೂ ಎದೆ ಮುಂದೆ ಮಾಡಿ ನಡೆಯಲಿ ಎಂದು ಕಾಯುತ್ತಿದ್ದೆ.

ಸರ್ ಕನ್ನಡಕ ಒರೆಸಿಕೊಂಡರು. “ಆ ಲಾರಿಯವರು ಒಪ್ಪಿ ಹಾಕಿಸಿಕೊಂಡ್ರೆ ಈ ಫಾಂಟಿನ ಕುಟುಂಬಕ್ಕೆ ಸೇರಿಸೋಣ. ಒಪ್ಪದಿದ್ರೆ ಆ ಫೈಲ್ ಮುಚ್ಚಿ ಬ್ಯಾಂಕಿನ ಅಂಕಿಗಳ ಕೆಲಸಕ್ಕೆ ಕೂತ್ಕೋ. ಮತ್ತೆ ಆ ಮಾತು ಬೇಡ.”

*

ಭಾನುವಾರ ಶೆಡ್ಡಿಗೆ ಹೋಗತೊಡಗಿದೆ.

ಶೆಡ್ಡು ಓಣಿಯಷ್ಟು ಕಿರಿದು. ಲಾರಿಯನ್ನು ತಿರುಗಿಸಲು ಜಾಗವಿಲ್ಲ. ಅದರ ಎಡ ಮಗ್ಗುಲಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ತೂರುವಷ್ಟು ಸಂದು. ಹಾಗಾಗಿ ನಾನು ತಂದ ಕಾಗದದ ಅಕ್ಷರಗಳನ್ನು ಬಲ ಮಗ್ಗುಲಿಗೆ ಅಂಟಿಸುತ್ತಿದ್ದೆವು. ಅವನು ಲಾರಿಯನ್ನು ಮುಂದಕ್ಕೆ ಓಡಿಸುತ್ತಿದ್ದ, ಮತ್ತೆ ರಿವರ್ಸ್ ಬರುತ್ತಿದ್ದ. ನಾನು ಈಚೆ ಗೋಡೆಗೆ ಬೆನ್ನು ಹಚ್ಚಿ ಓದುತ್ತಿದ್ದೆ.

‘ಮೂವರ್ಸ್.’ ಯಜಮಾನಿಗೆ ಬೇಕಾಗಿದ್ದದ್ದು ಇಂಗ್ಲಿಷಿನಲ್ಲಿ ಆರು ಅಕ್ಷರದ ಅದೊಂದೇ ಪದ. ಹೆಸರು ಯಾಕೆ, ಕೆಲಸ ಗೊತ್ತಾದ್ರೆ ಸಾಕು ಎಂದಿದ್ದರಂತೆ.

ಮೊದಲು ಎಂಟು ಡಿಗ್ರಿ ಬಾಗಿಸಿದೆ.

“ಕಿವಿ ಮಂದ ಇರೋರು ಕತ್ತು ಚಾಚಿದ ಹಾಗಿದೆ,” ಎಂದ.

ಹದಿನೆಂಟು.

“ಕುಡಿದವನು ಮೆಟ್ಟಿಲು ಇಳೀತಿದ್ದಾನೆ.”

ಹನ್ನೆರಡಕ್ಕೆ ಅವನು ಲಾರಿಯಿಂದಿಳಿದು ನನ್ನ ಪಕ್ಕಕ್ಕೆ ಬಂದು ಗೋಡೆಗೆ ಒರಗಿ ಬಹಳ ಹೊತ್ತು ನೋಡಿದ. ಅವನು ಏನನ್ನಾದರೂ ಮನಸ್ಸಿಟ್ಟು ನೋಡುವಾಗ, ಕೇಳುವಾಗ, ಒಂದು ಕಡೆಗೆ ವಾಲುತ್ತಾನೆ. ಆವತ್ತು ನನ್ನ ಕಡೆಗೆ ವಾಲಿದ್ದ.

“ನೀವೆಷ್ಟು ಡಿಗ್ರಿ ಗೊತ್ತಾ ಈಗ?” ಎಂದೆ.

“ಎಷ್ಟು?”

“ಹದಿನೈದು. ಇನ್ನು ಸ್ವಲ್ಪ ಬಾಗಿದ್ರೆ ಬೀಳ್ತೀರಿ.”

“ಬಿದ್ರೆ ಬೀಳ್ತೀನಿ ಬಿಡಿ,” ಎಂದ. ನೆಟ್ಟಗಾಗಲಿಲ್ಲ.

ದಪ್ಪ ಅಕ್ಷರದಲ್ಲಿ ಕಪ್ಪು ಕಷ್ಟವಲ್ಲ, ಒಳಗಿನ ಬಿಳಿ ಕಷ್ಟ. ಆರ್‌ನ ಹೊಟ್ಟೆಯಲ್ಲಿ, ಇ ಅಕ್ಷರದ ಹಲ್ಲುಗಳ ನಡುವೆ ಜಾಗ ಬಿಡದಿದ್ದರೆ ಲಾರಿ ಓಡುವಾಗ ಎಲ್ಲ ಸೇರಿ ಮುದ್ದೆಯಾಗುತ್ತದೆ. ಒಂದೊಂದು ವಾರವೂ ಒಂದೊಂದು ಕೂದಲೆಳೆಯಷ್ಟು ಬಿಳಿ ಕೆತ್ತಿ ತರುತ್ತಿದ್ದೆ. ಅವನು ರಿವರ್ಸ್ ತೆಗೆಯುತ್ತಿದ್ದ. ಆಗ ಪಕ್ಕದ ಕನ್ನಡಿಯಲ್ಲಿ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಹಿಂದೆ ಏನಿದೆ ಎಂದು ನೋಡಬೇಕಾದ ಕಣ್ಣುಗಳು ನನ್ನ ಮೇಲಿರುತ್ತಿದ್ದವು. ನಾನು ಅಕ್ಷರ ನೋಡುವುದು ಬಿಟ್ಟು ಕನ್ನಡಿ ನೋಡುತ್ತಿದ್ದೆ. ಹೀಗೆ ನೋಡುತ್ತಿದ್ದಾಗಲೇ ಒಂದು ಸಲ ಲಾರಿ ಬಣ್ಣದ ಡ್ರಮ್ಮುಗಳಿಗೆ ಗುದ್ದಿ, ಶೆಡ್ಡಿನ ನೆಲವೆಲ್ಲ ನೀಲಿಯಾಯಿತು.

“ಡ್ರಮ್ ಕಾಣ್ಲಿಲ್ವಾ?” ಎಂದು ಕಿರುಚಿದೆ.

“ನೀವು ಕೂಗಿ ಹೇಳ್ಬೇಕಿತ್ತು. ನಿಮಗಾದ್ರೂ ಕಾಣ್ತಿತ್ತಲ್ಲ?”

ನನಗೂ ಕಂಡಿರಲಿಲ್ಲ. ಇಬ್ಬರೂ ಪ್ಯಾಂಟು ಮಡಿಚಿ ನೆಲ ತೊಳೆದೆವು. ನನ್ನ ಕಾಲಿನ ಹೆಬ್ಬೆರಳಿನ ಉಗುರಿನಿಂದ ಆ ನೀಲಿ ಬಹಳ ದಿನ ಹೋಗಲಿಲ್ಲ. ಹೋಗಿಸಲು ನಾನೂ ಏನೂ ಮಾಡಲಿಲ್ಲ.

*

ಯಜಮಾನಿ ಸೋಮವಾರ ಬೆಳಿಗ್ಗೆ ಬಂದರು. ತಾನೇ ಲಾರಿ ಓಡಿಸಿ ಕಂಪನಿ ಕಟ್ಟಿದ ಹೆಂಗಸು. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಚಿದ್ದರು. ಎರಡೂ ಮಗ್ಗುಲಿಗೆ ಬಣ್ಣ ಬಳಿದು ಮುಗಿದಿತ್ತು. ಅವನು ಲಾರಿಯನ್ನು ಶೆಡ್ಡಿನಿಂದ ಹೊರಗೆ ಬೀದಿಗೆ ತಂದು ನಿಲ್ಲಿಸಿದ.

ಅವರು ಬಲ ಮಗ್ಗುಲಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಅಯ್ಯೋ, ಇದು ಓಡ್ತಿದೆ ಕಣ್ರೀ! ಹ್ಯಾಂಡ್‌ಬ್ರೇಕ್ ಹಾಕಿದ್ದೀರಾ ತಾನೇ?”

ಅವನು ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ. ಅವನನ್ನು ನೋಡಿದ್ದರೆ ನಗು ತಡೆಯಲಾಗುತ್ತಿರಲಿಲ್ಲ.

ಯಜಮಾನಿ ಲಾರಿಯನ್ನು ಬಳಸಿಕೊಂಡು ಆಚೆಗೆ ಹೋದರು.

“ರೀ, ಇಲ್ಲಿ ಬನ್ನಿ. ಈ ಕಡೆ ನನ್ನ ಲಾರಿ ರಿವರ್ಸ್ ಹೋಗ್ತಿದೆಯಲ್ರೀ?”

ಓಡಿ ಹೋಗಿ ನೋಡಿದೆವು.

ಲಾರಿಯ ಎಡಕ್ಕೆ ನಿಂತು ನೋಡಿದರೆ ಅದರ ಮೂತಿ ನಮ್ಮ ಎಡಗಡೆಗಿರುತ್ತದೆ. ನನ್ನ ಅಕ್ಷರ ಬಾಗುವುದು ಬಲಕ್ಕೆ, ಅಂದರೆ ಲಾರಿಯ ಹಿಂದಕ್ಕೆ. ಆಚೆ ಬದಿಯಲ್ಲಿ ಗಾಳಿಗೆ ಎದೆಯೊಡ್ಡಿದ್ದ ಅದೇ ಆರು ಅಕ್ಷರಗಳು ಇಲ್ಲಿ ಯಾರೋ ಜುಟ್ಟು ಹಿಡಿದೆಳೆದಂತೆ ಹಿಂದಕ್ಕೆ ವಾಲಿದ್ದವು. ಇಷ್ಟು ಭಾನುವಾರ ಬಲ ಮಗ್ಗುಲನ್ನೇ ನೋಡಿದ್ದೆವು. ಎಡಕ್ಕೆ ಅವನು ಆ ಸಂದಿನಲ್ಲಿ ತೂರಿಕೊಂಡು, ತನ್ನ ಎದೆಯೆತ್ತರದ ಅಕ್ಷರಗಳಿಗೆ ಮೂಗು ತಾಗಿಸಿ ಬಣ್ಣ ಬಳಿದಿದ್ದ. ಅಷ್ಟು ಹತ್ತಿರದಿಂದ ಯಾವುದು ಎತ್ತ ಹೊರಟಿದೆಯೆಂದು ಯಾರಿಗೆ ತಿಳಿಯುತ್ತದೆ? ಓರೆ ಅಕ್ಷರವನ್ನು ಅವನು ಅದುವರೆಗೆ ಹಿಂಬಾಗಿಲಿಗೆ ಬಿಟ್ಟರೆ ಬೇರೆಲ್ಲೂ ಬರೆದಿರಲಿಲ್ಲ. ನಾನಂತೂ ಲಾರಿಗೆ ಎರಡು ಮಗ್ಗುಲಿರುತ್ತದೆ ಎಂಬುದನ್ನೇ ಮರೆತಿದ್ದೆ.

“ಮುಂದಿನ ಸೋಮವಾರ ಬರ್ತೀನಿ,” ಎಂದರು ಯಜಮಾನಿ. “ಆಗಲೂ ಹೀಗೇ ಇದ್ರೆ ಎರಡೂ ಕಡೆ ನೆಟ್ಟಗಿನ ಅಕ್ಷರ ಬರೆಸಿಬಿಡಿ. ಇಷ್ಟೆಲ್ಲ ಫಜೀತಿ ಯಾಕೆ?”

ಅವರು ಹೋದ ಮೇಲೆ ಅವನು ತಲೆ ಕೆರೆದುಕೊಂಡ. “ಗಾಬರಿ ಬೇಡ. ಸುಲಭ ಇದೆ. ನಿಮ್ಮ ನೆಟ್ಟಗಿನದನ್ನೇ ಕಂಪ್ಯೂಟರಿನಲ್ಲಿ ಎಡಕ್ಕೆ ಎಳೀತೀನಿ. ಒಂದು ನಿಮಿಷದ ಕೆಲಸ.”

“ಎಳೀತೀರಾ?”

“ಯಾರಿಗೆ ಗೊತ್ತಾಗುತ್ತೆ?”

“ನಿಮಗೆ! ಇಷ್ಟು ದಿನ ನನ್ನ ಜೊತೆ ಕೂತೂ ನಿಮಗೇ ಗೊತ್ತಾಗಲ್ಲ ಅಂದ್ರೆ, ನಾನು ಇಲ್ಲಿ ಏನು ಮಾಡ್ತಿದ್ದೆ?”

ಅವನ ಮುಖ ಬಿಗಿಯಿತು. “ಅಕ್ಷರ ಮಾಡ್ತಿದ್ರಿ. ನಾನೇ ಬೇರೆ ಏನೋ ಅಂದ್ಕೊಂಡಿದ್ದೆ.”

ಅದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸಿಟ್ಟೂ ಅಲ್ಲೇ ಇತ್ತು. ಸಿಟ್ಟು ಮೊದಲು ಬಂತು. “ಎಳೀರಿ. ಹಿಚುಕಿ. ಏನು ಬೇಕಾದ್ರೂ ಮಾಡ್ಕೊಳ್ಳಿ,” ಎಂದು ಸ್ಕೂಟರ್ ಹತ್ತಿದೆ.

*

ನಾನು ಅಕ್ಕ ಭಾವನ ಜೊತೆಗಿರುತ್ತೇನೆ. ಸಂಜೆ ಅಕ್ಕ ಬಟ್ಟೆ ಮಡಚುತ್ತಿದ್ದಳು. ಭಾವ ಪೇಪರಿನ ಹಿಂದಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಅವನ ಕೊನೆಯ ಮಾತೊಂದನ್ನು ಬಿಟ್ಟು. ಅಕ್ಕನಿಗೆ ಬಿಟ್ಟದ್ದೇ ಮೊದಲು ಕೇಳಿಸುತ್ತದೆ.

“ಈ ಹಟ ಅಕ್ಷರಕ್ಕಾ, ಆ ಹುಡುಗನಿಗಾ?”

“ಎರಡಕ್ಕೂ.”

“ಅವನು ಪೇಂಟರ್ ಕಣೇ.”

“ಹೌದು.”

“ಲಾರಿ ಪೇಂಟರ್.”

“ಸಣ್ಣ ಗಾಡಿ ಪೇಂಟರ್ ಆಗಿದ್ರೆ ಪರವಾಗಿಲ್ವಾ?”

ಪೇಪರು ನಕ್ಕಿತು. ಅಕ್ಕ ಅತ್ತ ಒಂದು ನೋಟ ಬಿಟ್ಟಳು, ಪೇಪರು ಸುಮ್ಮನಾಯಿತು.

“ಚಿಕ್ಕಂದಿನಿಂದ ನೋಡ್ತಿದ್ದೀನಿ ನಿನ್ನ,” ಎಂದಳು ಅಕ್ಕ. “ಎಲ್ಲರೂ ಒಂದು ಕಡೆ ಹೊರಟ್ರೆ ನೀನು ಇನ್ನೊಂದು ಕಡೆ. ಸುಮ್ಮನೆ ನೆಟ್ಟಗೆ ಇರೋಕೆ ಏನು ಕಷ್ಟ ನಿನಗೆ?”

“ನೆಟ್ಟಗಿರೋದನ್ನ ಆಗಲೇ ಮಾಡಿದ್ದೀನಲ್ಲ ಅಕ್ಕಾ, ಎರಡೆರಡು. ಬೇಕಾದ್ರೆ ಫಾಂಟ್ ಕಳಿಸ್ತೀನಿ.”

ಅವಳು ಟವೆಲ್ಲನ್ನು ನನ್ನ ಮೇಲೆಸೆದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಡಕ್ಕೆ ಬಾಗುವ ಅಕ್ಷರ ಬಿಡಿಸಲು ಕೂತೆ.

ಬಲದ್ದನ್ನು ಕನ್ನಡಿಗೆ ಹಿಡಿದರೆ ಎಡದ್ದಾಗುವುದಿಲ್ಲ. ಎಸ್ ತಿರುಗಿ ನಿಲ್ಲುತ್ತದೆ, ಆರ್ ಬೆನ್ನು ತೋರಿಸುತ್ತದೆ. ಎಲ್ಲವನ್ನೂ ಬುಡದಿಂದ ಬಿಡಿಸಬೇಕು. ಅಲ್ಲಿ ಬಲಭುಜ ಇಳಿಸಿದ್ದೆ, ಇಲ್ಲಿ ಎಡಭುಜ ಇಳಿಸಬೇಕು. ಬಲಕ್ಕೆ ಸಲೀಸಾಗಿ ಓಡುವ ಕೈ ಎಡಕ್ಕೆ ಪ್ರತಿ ತಿರುವಿನಲ್ಲೂ ಕೊಸರಾಡುತ್ತದೆ. ಆ ಕೊಸರಾಟ ನನಗೆ ಇಷ್ಟವಾಗತೊಡಗಿತು. ನೂರಾರು ವರ್ಷ ಎಲ್ಲರೂ ಬಲಕ್ಕೇ ಬಾಗಿಸಿಕೊಂಡು ಬಂದಿದ್ದಾರೆ. ಬಾಗಿಸಲಿ. ನನ್ನದು ಈ ಕಡೆ.

ಶುಕ್ರವಾರ ಸರ್ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಎಡಕ್ಕೆ ಬಾಗೋದು ಶೈಲಿಯಲ್ಲಮ್ಮ, ದೋಷ. ಇದರ ಉಪಯೋಗ ಏನು?”

“ಲಾರಿಯ ಎಡಗಡೆಗೆ.”

“ಅಷ್ಟೇನಾ?”

“ಪ್ರತಿ ಲಾರಿಗೂ ಒಂದು ಎಡಗಡೆ ಇರುತ್ತೆ ಸರ್. ಬಸ್ಸಿಗೂ, ಆಂಬುಲೆನ್ಸಿಗೂ.”

ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. “ಆ ಹೆಂಗಸು ಒಪ್ಪಿದ್ರೆ ಬಲದ್ದು ಸೇರಿಸ್ತೀನಿ. ಮಾತು ಮಾತೇ. ಆದ್ರೆ ಇದು ನನ್ನ ಕುಟುಂಬಕ್ಕೆ ಸೇರಲ್ಲ.”

“ಬೇಡ ಸರ್. ಇದು ನನ್ನ ಕುಟುಂಬಕ್ಕಿರಲಿ.”

ನನ್ನ ದನಿ ಏರಿತ್ತು. ಪಕ್ಕದ ಕೋಣೆಯವರು ಇಣುಕಿ ನೋಡಿದರು. ನೋಡಲಿ.

*

ಶನಿವಾರ ಮಧ್ಯಾಹ್ನ ಹಾಳೆಗಳ ಸುರುಳಿ ಹಿಡಿದು ಶೆಡ್ಡಿಗೆ ಹೋದೆ. ಅವನು ಕಂಪ್ಯೂಟರಿನಲ್ಲಿ ಎಳೆದು ಬಣ್ಣ ಬಳಿದು ಮುಗಿಸಿದ್ದರೆ ಏನೂ ಹೇಳದೆ ವಾಪಸ್ಸು ಬರುವುದೆಂದು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡಿದ್ದೆ.

ಲಾರಿ ಈ ಸಲ ಹಿಂದುಮುಂದಾಗಿ ನಿಂತಿತ್ತು. ಬೀದಿಯಲ್ಲಿ ತಿರುಗಿಸಿ ರಿವರ್ಸಿನಲ್ಲಿ ಒಳಗೆ ತಂದಿದ್ದ. ಎಡ ಮಗ್ಗುಲು ಈಚೆಗಿತ್ತು. ಹಳೆಯ ಅಕ್ಷರಗಳನ್ನು ಪೂರಾ ಅಳಿಸಿದ್ದ. ಅಲ್ಲಿ ಸೀಮೆಸುಣ್ಣದಲ್ಲಿ ಎಡಕ್ಕೆ ಬಾಗಿದ ಆರು ಅಕ್ಷರಗಳು ಇದ್ದವು. ಕಂಪ್ಯೂಟರಿನವಲ್ಲ. ಕೈಯಲ್ಲಿ ಬರೆದು, ಅಳಿಸಿ, ಬರೆದು, ಅಳಿಸಿ, ಲಾರಿಯ ಮೈಯೆಲ್ಲ ಬೂದಿ ಬಳಿದುಕೊಂಡಂತಾಗಿತ್ತು.

ಅವನು ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದ. ನನ್ನನ್ನು ನೋಡಿ ಇಳಿಯಲಿಲ್ಲ.

“ಎಳೀಲಿಲ್ವಾ?” ಎಂದೆ.

“ಎಳೆದೆ. ಗೊತ್ತಾಯ್ತು. ಅಳಿಸಿದೆ.” ಸ್ವಲ್ಪ ತಡೆದು, “ಹಾಳಾದೋಳು, ನನ್ನ ಕಣ್ಣೇ ಕೆಡಿಸಿಬಿಟ್ಟಿದ್ದಾಳೆ ಅಂತ ನಿಮ್ಮನ್ನ ಚೆನ್ನಾಗಿ ಬೈದೆ,” ಎಂದ.

“ಎಸ್ ಘೋರವಾಗಿದೆ.”

“ಗೊತ್ತು.”

“ಓ ಪರವಾಗಿಲ್ಲ. ಓ ಚೆನ್ನಾಗಿದೆ.” ನಿಜವಾಗಿಯೂ ಚೆನ್ನಾಗಿತ್ತು. ಎಡಭುಜವನ್ನು ಸರಿಯಾಗಿ ಇಳಿಸಿದ್ದ. ನನ್ನದಕ್ಕಿಂತ ಒಂದಿಷ್ಟು ಒರಟಾಗಿತ್ತು, ಲಾರಿಗೆ ಒರಟೇ ಒಪ್ಪುತ್ತಿತ್ತು. ಸುರುಳಿಯಿಂದ ನನ್ನ ಓ ತೆಗೆದು ಪಕ್ಕಕ್ಕೆ ಹಿಡಿದೆ. ಮತ್ತೆ ಸುತ್ತಿಟ್ಟೆ. “ಇದು ನಿನ್ನದೇ ಇರಲಿ. ಉಳಿದ ಐದು ನನ್ನವು.”

ನಿನ್ನದೇ ಎಂದಿದ್ದೆ. ಇಬ್ಬರಿಗೂ ಕೇಳಿಸಿತು. ಅವನು ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಏಣಿ ಹತ್ತಿದೆ. ಹಲಗೆ ಇಬ್ಬರ ಭಾರಕ್ಕೆ ನಡುವೆ ಬಗ್ಗಿತು, ಕೂತವರು ತಾವಾಗಿಯೇ ಒಬ್ಬರ ಕಡೆಗೊಬ್ಬರು ಜಾರುವಂತೆ. ಯಾರೂ ವಾಪಸ್ಸು ಸರಿಯಲಿಲ್ಲ. ಎಸ್‌ನ ತಿರುವಿನಲ್ಲಿ ಅವನ ಕೈ ತಡವರಿಸಿದಾಗ ಮಣಿಕಟ್ಟು ಹಿಡಿದು ತಿರುಗಿಸಿದೆ. ತಿರುವು ಮುಗಿದ ಮೇಲೂ ಬಿಡಲಿಲ್ಲ.

“ಅಮ್ಮಾವ್ರೇ, ಬಣ್ಣ ತೊಟ್ಟಿಕ್ತಿದೆ,” ಎಂದ.

“ತೊಟ್ಟಿಕ್ಕಲಿ.”

*

ಸೋಮವಾರ ಯಜಮಾನಿ ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು ಬಂದರು. ಕೈಚಾಚಿ ಕೀಲಿ ಇಸಿದುಕೊಂಡರು.

“ನಿಂತಿರೋದನ್ನ ನೋಡಿದೆ. ಓಡೋದನ್ನ ನೀವು ನೋಡಿ. ದೊಡ್ಡ ರಸ್ತೆಗೆ ಬನ್ನಿ.”

ದೊಡ್ಡ ರಸ್ತೆಯಲ್ಲಿ ನಾನು ಈ ಫುಟ್‌ಪಾತಿನಲ್ಲಿ, ಅವನು ಆ ಫುಟ್‌ಪಾತಿನಲ್ಲಿ ನಿಂತೆವು. ಒಬ್ಬೊಬ್ಬರಿಗೆ ಒಂದೊಂದು ಮಗ್ಗುಲು. ನಡುವೆ ಬಸ್ಸು, ಕಾರು, ಸೈಕಲ್ಲು. ಮೂಲೆಯಲ್ಲಿ ಲಾರಿ ತಿರುಗಿತು. ಅದು ನನ್ನನ್ನು ದಾಟುವಾಗ ನಮ್ಮ ಎಡದ ಅಕ್ಷರಗಳು ಒಂದರ ಹಿಂದೊಂದು ಮೂತಿಯ ಕಡೆಗೆ ನುಗ್ಗಿ ಹೋದವು, ಚೌಕ ಪಾದಗಳಿಂದ ರಸ್ತೆಯನ್ನು ಹಿಂದಕ್ಕೆ ಒದೆಯುತ್ತಿರುವ ಹಾಗೆ. ಅವನ ಓ ಕೂಡ. ಕಿಟಕಿಯಿಂದ ಯಜಮಾನಿ ತಲೆ ಹೊರಹಾಕಿದರು.

“ಎಲ್ಲಾ ಲಾರಿಗೂ ಬರೀರೀ! ಎರಡೂ ಕಡೆ ಹೀಗೇ!”

ಬೋಲ್ಡ್ ಇಟಾಲಿಕ್ ಉಳಿಯಿತು. ಲಾರಿ ಸರಿದುಹೋಯಿತು. ಅದರ ಆಚೆ ಅವನಿದ್ದ. ನನ್ನನ್ನೇ ನೋಡುತ್ತಿದ್ದ, ಹದಿನೈದು ಡಿಗ್ರಿಗಿಂತ ಜಾಸ್ತಿಯೇ ವಾಲಿಕೊಂಡು.

“ನಿನ್ನ ಕಡೆ ಹೇಗಿತ್ತು?” ಎಂದು ಕೂಗಿದ.

“ನನಗೆ ನೀನು ಬೇಕು!” ಎಂದು ಕೂಗಿದೆ.

“ಏನು? ಕೇಳಿಸ್ಲಿಲ್ಲ!”

ನೋಡಿಕೊಂಡು ದಾಟಬೇಕು ಎಂದು ಅಕ್ಕ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾಳೆ. ನೋಡದೆ ಇಳಿದೆ. ಅವನೂ ಇಳಿದಿದ್ದ. ರಸ್ತೆಯ ನಟ್ಟನಡುವೆ ಎದುರುಬದುರಾದೆವು. ಎರಡೂ ಕಡೆಯ ಗಾಡಿಗಳು ಕಿರ್ರೆಂದು ನಿಂತವು. ಅವನ ಕಾಲರು ಹಿಡಿದೆ.

“ನೀನು ಬೇಕು ಅಂದೆ. ನಮ್ಮಕ್ಕ ಬೇಡ ಅಂತಾಳೆ, ನೀನು ಲಾರಿ ಪೇಂಟರ್ ಅಂತಾಳೆ, ಆದ್ರೂ ಬೇಕು. ಎಲ್ಲರಿಗೂ ಕೇಳಿಸ್ತು. ನಿನಗೆ?”

“ಮೊದಲನೇ ಸಲಾನೇ ಕೇಳಿಸಿತ್ತು,” ಎಂದ. ಕಿವಿಯವರೆಗೂ ನಗುತ್ತಿದ್ದ. “ಇನ್ನೊಂದು ಸಲ ಹೇಳಿಸ್ಕೋಬೇಕು ಅನ್ನಿಸ್ತು.”

ಸುತ್ತ ಹಾರ್ನುಗಳು. ಒಬ್ಬ ಬಸ್ ಡ್ರೈವರ್ ಕಿಟಕಿಯ ಮೇಲೆ ಮೊಣಕೈ ಊರಿ ಬಗ್ಗಿದ. “ತಾಯೀ, ಬೇಕು ಅಂದ್ರಲ್ಲ, ಅವರೂ ಸಿಕ್ಕಿಬಿಟ್ರಲ್ಲ? ತಗೊಂಡು ಪಕ್ಕಕ್ಕೆ ಹೋಗಿ. ದಾರಿ ಬಿಡಿ.”

“ಒಂದು ನಿಮಿಷ ಇರಿ ಅಣ್ಣಾ,” ಎಂದೆ, ಕಾಲರು ಬಿಡದೆ. “ಇವರಿನ್ನೂ ಬಾಯಿಬಿಟ್ಟು ಹೇಳಿಲ್ಲ.”

ಅವನು ಬಾಯಿಬಿಟ್ಟು ಹೇಳಿದ, ಅದೂ ಆ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಹಾಗೆ. ಆಮೇಲೆ ನಾವು ದಾರಿ ಬಿಟ್ಟೆವು.